ಷರಾ

ಹಾಳೆಯಲ್ಲಿ ಐದು ಕಾಲಂ:
ಜಾತಿ, ಸಂಖ್ಯೆ, ವೇಳೆ, ಸ್ಥಳ, ಷರಾ.
ಕೊಲ್ಹಾರದ ಸೇತುವೆ ಕೆಳಗೆ, ಹಿನ್ನೀರ ದಂಡೆಗುಂಟ
ಬೆಳಗಿನ ಆರರಿಂದ ಮೂವರು.
ದ್ಯಾವಪ್ಪ ಬಾರಕೇರ, ಅವನದೇ ಹರಿಗೋಲು;
ಗಾರ್ಡ್ ಲಾಡ್ಲೇಸಾಬ, ಕೊರಳಿಗೆ ಇಲಾಖೆಯ ದುರ್ಬೀನು;
ಎಣಿಸಿದ್ದನ್ನು ಬರೆಯಲು ನಾನು,
ಬಾಗೇವಾಡಿ ಕಾಲೇಜಿನ ಲ್ಯಾಬಿನಿಂದ ಎರವಲು.

ಮಧ್ಯಾಹ್ನದ ತನಕ ಬರೆದದ್ದು:
ನೀರುಕಾಗೆ ನೂರಾ ನಾಲ್ಕು,
ಬೆಳ್ಳಕ್ಕಿ, ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ,
ಹೊಳೆರೀವ ಹದಿನಾರು,
ನೀರುನಾಯಿಯ ಹೆಜ್ಜೆ, ಎರಡು ಕಡೆ.
"ನಾಯಿ ಕಂಡಿಲ್ಲ, ಬರೀ ಹೆಜ್ಜಿ ಬರೀಬ್ಯಾಡ್ರಿ" ಅಂದ ಲಾಡ್ಲೇಸಾಬ.
ಬರೆದೆ.

ಆಷಾಢದ ಗಾಳಿ ಇಲ್ಲಿ ಹೀಗೆಯೇ:
ಕಡಲಲ್ಲಿ ಹುಟ್ಟಿ, ಘಟ್ಟದ ಮೇಲೆ ಮಳೆಯನ್ನೆಲ್ಲ ಇಳಿಸಿ
ನಮ್ಮ ಸೀಮೆಗೆ ಬರುವಾಗ ಬರಿಗೈ.
ಒಣಹಾಕಿದ ಬಲೆ ಹಾರಿಸುತ್ತದೆ,
ಸೇತುವೆ ಮೇಲೆ ಮೊಸರು ಮಾರುವವರ ಸೆರಗು,
ಗಡಿಗೆಯ ಬಾಯಿಗೆ ಕಟ್ಟಿದ ಕಾಗದ.
ಬಂದು ಉಂಡು ಹೋಗುವ ನೆಂಟ,
ಏನೂ ತರುವುದಿಲ್ಲ.

ಈ ಸಲ ತಂದಿತ್ತು.

ಬಲೆಯ ತುದಿಗೆ ಕಟ್ಟಿದ ಥರ್ಮಾಕೋಲ್ ತುಂಡಿನ ಮೇಲೆ
ಅದು ಕೂತಿತ್ತು.
ಬೆನ್ನು ರೊಟ್ಟಿಹಂಚಿನ ತಳದಷ್ಟು ಕಪ್ಪು,
ಹೊಟ್ಟೆ ಬಿಳುಪು. ಮೊಸರಿನಂತೆ ಅನ್ನಲು ಬಾಯಿಗೆ ಬಂತು,
ಕೊಲ್ಹಾರದಲ್ಲಿ ಎಲ್ಲರೂ ಎಲ್ಲದಕ್ಕೂ ಹಾಗೆಯೇ ಅನ್ನುತ್ತಾರೆಂದು ತಡೆದೆ.
ಹಣೆಯ ಮೇಲೊಂದು ಬಿಳಿ, ವಿಭೂತಿ ಒರೆಸಿ ಉಳಿದಂತೆ.
ಬಾಲ ಕತ್ತರಿ.

ಪುಸ್ತಕ ತಿರುವಿದೆ.
ಕೆರೆಯ ಹಾಳೆಗಳಲ್ಲಿ ಇಲ್ಲ, ಹೊಳೆಯ ಹಾಳೆಗಳಲ್ಲಿ ಇಲ್ಲ.
ಕೊನೆಗೆ, ಎಂದೂ ತೆರೆಯದೆ ಒಂದಕ್ಕೊಂದು ಅಂಟಿದ್ದ ಹಾಳೆಗಳಲ್ಲಿ,
ದ್ವೀಪಗಳ ಚಿತ್ರದ ಪಕ್ಕ:
ಮಸಿ ರೀವ. ವರ್ಷಗಟ್ಟಲೆ ನೆಲ ಮುಟ್ಟದು.
ಹಾರುತ್ತಲೇ ನಿದ್ದೆ. ನೀರಿನ ಮೇಲೂ ಕೂಡದು,
ರೆಕ್ಕೆ ನೆನೆದರೆ ಮುಳುಗೀತು.

"ಕಡಲ ಹಕ್ಕಿ, ನೀರಾಗ ಕೂಡಂಗಿಲ್ಲ?" ದ್ಯಾವಪ್ಪ ನಕ್ಕ.
"ನಮ್ಮ ಮಂದೀನೂ ಹಂಗ. ಅಂಬಿಗರೊಳಗ ಈಸು ಬರದವರು ಭಾಳ."

ಹುಟ್ಟು ಎತ್ತಿ, ಗಾಳಿಗೆ ಬಿಟ್ಟು,
ಹರಿಗೋಲು ತಾನೇ ಹೋಗಿ ಸೇರಲಿ ಎಂದು ಕಾದ.
ಅದು ಹೆದರಲಿಲ್ಲ.
ಹೆದರಲಿಕ್ಕೂ ಒಂದಿಷ್ಟು ಬಲ ಬೇಕು.
ಎರಡೂ ಅಂಗೈಯಲ್ಲಿ ಎತ್ತಿಕೊಂಡ.
ಕೊಕ್ಕಿನ ತುದಿಗೊಂದು ಹನಿ ತೂಗುತ್ತಿತ್ತು,
ಬೀಳದು, ಆರದು.
ಬೆರಳಿಗೆ ತಗೊಂಡು, ನಾನು ಬೇಡ ಅನ್ನುವುದರೊಳಗೆ,
ನಾಲಗೆಗೆ ಇಟ್ಟ.

ಅರವತ್ತು ವರ್ಷ ಈ ಹೊಳೆಯನ್ನೇ ಕುಡಿದ ನಾಲಗೆ.
ಬಾಯಿ ಮುಚ್ಚಿ ಬಹಳ ಹೊತ್ತು ಕೂತ.
ಗಂಟಲಮಣಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ.
"ಉಪ್ಪ" ಅಂದ.
ಮತ್ತೆ, ಯಾರಿಗೋ ಸಾಕ್ಷಿ ಹೇಳುವಂತೆ,
"ಉಪ್ಪ ಐತ್ರಿ."

ನನ್ನ ಫೋನು ಹತ್ತು ಗಂಟೆಗೇ ಸತ್ತಿತ್ತು.
ಲಾಡ್ಲೇಸಾಬನದು ಗುಂಡಿ ಫೋನು;
ಅದರ ಪಟದಲ್ಲಿ ಒಂದು ಮಸಿಕಲೆ, ಮತ್ತೆ ದ್ಯಾವಪ್ಪನ ಹೆಬ್ಬೆರಳು.
ಸಾಹೇಬರಿಗೆ ಹಚ್ಚಿದ.
ಕಡಲೆಲ್ಲಿ, ವಿಜಯಪುರ ಜಿಲ್ಲಾ ಎಲ್ಲಿ,
ಪಾರಿವಾಳ ನೋಡಿರಬೇಕು, ಅಂದರಂತೆ.

ಎತ್ತರ ಬೇಕು ಅದಕ್ಕೆ, ರೆಕ್ಕೆಯಡಿಗೆ ಗಾಳಿ ಬೇಕು.
ಮೊಸರಿನ ಬುಟ್ಟಿಯಲ್ಲಿ, ಸಿಂಬಿಯ ನಡುವೆ ಕೂರಿಸಿ ಸೇತುವೆಗೆ ಒಯ್ದೆವು.
ಬುಟ್ಟಿ ಕೊಡುವ ಮೊದಲು ಗದ್ದೆವ್ವ ಕೇಳಿದ್ದು ಒಂದೇ:
"ಮೀನದ ನಾತ ಹತ್ತಂಗಿಲ್ಲಲ್ಲ?"

ಕಟ್ಟೆಯ ಮೇಲಿಟ್ಟೆವು.
ಉಳ್ಳಾಗಡ್ಡಿ ಹೊತ್ತ ಸೊಲ್ಲಾಪುರದ ಲಾರಿ ಹಾದು ಸೇತುವೆ ನಡುಗಿತು.
ಅದು ರೆಕ್ಕೆ ಬಿಚ್ಚಿತು, ಅಷ್ಟೇ.
ಹಾರಲಿಲ್ಲ, ಬಿತ್ತು.
ನೀರು ಇನ್ನೊಂದೇ ಮೊಳ ಅನ್ನುವಾಗ
ಗಾಳಿಯನ್ನು ಹಿಡಿದುಕೊಂಡಿತು.

"ಆ ಕಡೆ ಅಲ್ಲೋ!" ಹುಚ್ಚಿಯ ಹಾಗೆ ಕೂಗಿದೆ,
ಪಡುವಣಕ್ಕೆ ಕೈಮಾಡಿ.
ಅದು ಮೂಡಣಕ್ಕೆ ಹೊರಟಿತ್ತು, ಆಲಮಟ್ಟಿಯ ದಿಕ್ಕಿಗೆ.
ದ್ಯಾವಪ್ಪ ಬುಟ್ಟಿ ಕೊಡವುತ್ತಾ ಅಂದ:
"ಇರಲಿ ಬಿಡ್ರಿ. ಆ ಕಡೀಗೂ ಒಂದು ಕಡಲೈತಂತ.
ಕೃಷ್ಣಿ ಅಲ್ಲಿಗೇ ಹೊಂಟಾಳ.
ಹಾದಿ ಕೇಳಕೋತ ಹೋಗತೈತಿ."

ಸಂಜೆ ಹಾಳೆ ತುಂಬಿದೆ.
ಜಾತಿ: ಬರೆದು, ಹೊಡೆದು, ಮತ್ತೆ ಬರೆದು, ಮಸಿ ರೀವ.
ಸಂಖ್ಯೆ: ಒಂದು.
ವೇಳೆ: ಮಧ್ಯಾಹ್ನ ಒಂದೂ ಇಪ್ಪತ್ತು.
ಸ್ಥಳ: ಕೊಲ್ಹಾರ, ಹಿನ್ನೀರು.
ಷರಾ: ರುಚಿ ನೋಡಲಾಗಿದೆ.